ಡೇನಿಯೆಲ್ ಬಂಟನ್ ಬೆರ್ರಿ

ಡೇನಿಯೆಲ್ ಬಂಟನ್ ಬೆರ್ರಿ (ಫೆಬ್ರವರಿ 19, 1949 – ಜುಲೈ 3, 1998) ಅಮೆರಿಕದ ಕಂಪ್ಯೂಟರ್ ಆಟಗಳ ವಿನ್ಯಾಸಕಿ ಹಾಗೂ ಪ್ರೋಗ್ರಾಮರ್. ಹಲವರು ಒಟ್ಟಾಗಿ ಆಡುವ ಕಂಪ್ಯೂಟರ್ ಆಟಗಳ ಆರಂಭಿಕ ರೂವಾರಿಗಳಲ್ಲಿ ಇವರು ಪ್ರಮುಖರು. 1983ರ ಎಂ.ಯು.ಎಲ್.ಇ. (ಮ್ಯೂಲ್) ಮತ್ತು 1984ರ ದಿ ಸೆವೆನ್ ಸಿಟೀಸ್ ಆಫ್ ಗೋಲ್ಡ್ ಇವರ ಅತ್ಯಂತ ಪ್ರಸಿದ್ಧ ಕೃತಿಗಳು. ಇವರ ಜನ್ಮನಾಮ ಡೇನಿಯಲ್ ಪಾಲ್ ಬಂಟನ್. 1992ರವರೆಗಿನ ಆಟಗಳು ಡ್ಯಾನ್ ಬಂಟನ್ ಎಂಬ ಹೆಸರಿನಲ್ಲಿ ಪ್ರಕಟವಾಗಿವೆ. ಇವರ ಆರಂಭಿಕ ಆಟಗಳೆಲ್ಲವೂ ಆಪಲ್ 2, ಅಟಾರಿ 800, ಕಮೊಡೋರ್ 64 ಮೊದಲಾದ ಹಳೆಯ ಗೃಹ ಕಂಪ್ಯೂಟರ್‌ಗಳಿಗಾಗಿ ರಚಿತವಾದವು. ಮ್ಯೂಲ್ ಆಟದ ಎರಡು ಹೊಸ ರೂಪಗಳು ಬಿಡುಗಡೆಯಾಗದೆ ಉಳಿದವು. ಈ ಕಾರಣಗಳಿಂದ, ಹಳೆಯ ಆಟಗಳನ್ನು ಮರಳಿ ಪಡೆದು ಸಂರಕ್ಷಿಸುವ ಕಾರ್ಯದ ಸಮಸ್ಯೆಗಳನ್ನು ಅರಿಯಲು ಇವರ ಕೃತಿಗಳು ಉತ್ತಮ ನಿದರ್ಶನಗಳಾಗಿವೆ.

ಆರಂಭಿಕ ಜೀವನ

ಬಂಟನ್ ಅವರು ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದಲ್ಲಿ ಜನಿಸಿದರು. ಆರು ಮಂದಿ ಮಕ್ಕಳಲ್ಲಿ ಇವರೇ ಹಿರಿಯರು. ಶಾಲಾ ದಿನಗಳಲ್ಲಿ ಕುಟುಂಬವು ಅರ್ಕನ್ಸಾ ರಾಜ್ಯದ ಲಿಟಲ್ ರಾಕ್ ನಗರಕ್ಕೆ ಬಂದು ನೆಲೆಸಿತು. ಮನೆಯ ಆರ್ಥಿಕ ಸ್ಥಿತಿ ಉತ್ತಮವಾಗಿರಲಿಲ್ಲ. ಆದ್ದರಿಂದ ಓದಿನ ಜೊತೆಗೆ ಔಷಧದಂಗಡಿಯೊಂದರಲ್ಲಿ ಕೆಲಸ ಮಾಡಿ ಇವರು ಕುಟುಂಬಕ್ಕೆ ನೆರವಾದರು. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಆಟವಾಡುತ್ತಿದ್ದ ಸಂದರ್ಭಗಳನ್ನು ಇವರು ಬಾಲ್ಯದ ಅತ್ಯಂತ ಸುಖದ ನೆನಪುಗಳೆಂದು ಮುಂದೆ ಸ್ಮರಿಸಿದ್ದಾರೆ. ಇವರ ವಿನ್ಯಾಸಗಳ ಮೂಲಸ್ವರೂಪವನ್ನು ಈ ನೆನಪಿನಲ್ಲಿ ಕಾಣಬಹುದು.

ಅರ್ಕನ್ಸಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗಲೇ ಬಂಟನ್ ಸ್ವಂತ ಸೈಕಲ್ ಅಂಗಡಿಯೊಂದನ್ನು ತೆರೆದಿದ್ದರು. 1974ರಲ್ಲಿ ಕೈಗಾರಿಕಾ ಇಂಜಿನಿಯರಿಂಗ್‌ನಲ್ಲಿ ಪದವಿ ಪಡೆದರು. ಬಳಿಕ ನ್ಯಾಷನಲ್ ಸೈನ್ಸ್ ಫೌಂಡೇಶನ್‌ಗಾಗಿ ನಗರಗಳ ಬೆಳವಣಿಗೆಯ ಮಾದರಿಗಳನ್ನು ರೂಪಿಸುವ ಕೆಲಸದಲ್ಲಿ ತೊಡಗಿದರು. 1978ರಲ್ಲಿ ಹವ್ಯಾಸವಾಗಿ ಆಟಗಳನ್ನು ಬರೆಯಲಾರಂಭಿಸಿದರು.

ಮೊದಲ ಆಟಗಳು

ಬಂಟನ್ ಅವರ ಮೊದಲ ಪ್ರಕಟಿತ ಆಟ ವೀಲರ್ ಡೀಲರ್ಸ್ (1978). ಆಪಲ್ 2 ಕಂಪ್ಯೂಟರ್‌ಗಾಗಿ ರಚಿಸಲಾದ ಇದನ್ನು ಕೆನಡಾದ ಸ್ಪೀಕೀಸಿ ಸಾಫ್ಟ್‌ವೇರ್ ಸಂಸ್ಥೆ ಪ್ರಕಟಿಸಿತು. ನಾಲ್ವರು ಆಟಗಾರರು ಹರಾಜಿನಲ್ಲಿ ಏಕಕಾಲಕ್ಕೆ ಕೂಗುವುದು ಇದರ ಮುಖ್ಯ ಅಂಶವಾಗಿತ್ತು. ಇದಕ್ಕೆ ಬೇಕಾದ ವಿಶೇಷ ನಿಯಂತ್ರಕವನ್ನೂ ಆಟದೊಂದಿಗೆ ನೀಡಬೇಕಾಯಿತು. ಆ ಕಾಲದಲ್ಲಿ ಆಟಗಳು ಪ್ಲಾಸ್ಟಿಕ್ ಚೀಲಗಳಲ್ಲಿ ಸುಮಾರು 15 ಡಾಲರಿಗೆ ಮಾರಾಟವಾಗುತ್ತಿದ್ದವು. ನಿಯಂತ್ರಕದ ಕಾರಣದಿಂದ ಇದರ ಬೆಲೆ 35 ಡಾಲರ್ ಆಯಿತು. ಸುಮಾರು 50 ಪ್ರತಿಗಳಷ್ಟೇ ಮಾರಾಟವಾದವು.

ಅನಂತರ ಸ್ಟ್ರಾಟೆಜಿಕ್ ಸಿಮ್ಯುಲೇಶನ್ಸ್ (ಎಸ್.ಎಸ್.ಐ.) ಸಂಸ್ಥೆಗಾಗಿ ಕಂಪ್ಯೂಟರ್ ಕ್ವಾರ್ಟರ್‌ಬ್ಯಾಕ್, ಕಾರ್ಟೆಲ್ಸ್ ಆ್ಯಂಡ್ ಕಟ್‌ಥ್ರೋಟ್ಸ್ ಮತ್ತು ಸೈಟ್ರಾನ್ ಮಾಸ್ಟರ್ಸ್ ಎಂಬ ಆಟಗಳನ್ನು ರಚಿಸಿದರು. ಇವುಗಳಲ್ಲಿ ಸೈಟ್ರಾನ್ ಮಾಸ್ಟರ್ಸ್ (1982) ಸರದಿಗಾಗಿ ಕಾಯದೆ ಇಬ್ಬರೂ ಏಕಕಾಲಕ್ಕೆ ಸೇನೆ ನಡೆಸುವ ಆಟವಾಗಿದ್ದು, ತಂತ್ರಗಾರಿಕೆಯ ಆಟಗಳಲ್ಲಿ ಈ ಕ್ರಮವನ್ನು ಅನುಸರಿಸಿದ ಆರಂಭಿಕ ಕೃತಿಗಳಲ್ಲಿ ಒಂದಾಗಿದೆ.

ಓಜಾರ್ಕ್ ಸಾಫ್ಟ್‌ಸ್ಕೇಪ್ ಮತ್ತು ಮ್ಯೂಲ್

1982ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆಯನ್ನು ಸ್ಥಾಪಿಸಿದ ಟ್ರಿಪ್ ಹಾಕಿನ್ಸ್, ಕಾರ್ಟೆಲ್ಸ್ ಆ್ಯಂಡ್ ಕಟ್‌ಥ್ರೋಟ್ಸ್ ಆಟದ ಹಕ್ಕುಗಳನ್ನು ಕೊಳ್ಳಲು ಬಯಸಿದರು. ಎಸ್.ಎಸ್.ಐ. ಇದಕ್ಕೆ ಒಪ್ಪಲಿಲ್ಲ. ಆಗ ಬಂಟನ್ ಅದೇ ಬಗೆಯ ಆರ್ಥಿಕ ಸ್ಪರ್ಧೆಯನ್ನು ಆಧರಿಸಿ ಹೊಸದೊಂದು ಆಟವನ್ನು ರಚಿಸಲು ಮುಂದಾದರು. ಲಿಟಲ್ ರಾಕ್‌ನಲ್ಲಿ ಓಜಾರ್ಕ್ ಸಾಫ್ಟ್‌ಸ್ಕೇಪ್ ಎಂಬ ಸಂಸ್ಥೆ ರೂಪುಗೊಂಡಿತು. ಬಂಟನ್ ಅವರೊಂದಿಗೆ ಸಹೋದರ ಬಿಲ್ ಬಂಟನ್, ಅಲನ್ ವಾಟ್ಸನ್ ಮತ್ತು ಜಿಮ್ ರಶಿಂಗ್ ಇದರಲ್ಲಿದ್ದರು.

ಇವರು ರಚಿಸಿದ ಮ್ಯೂಲ್ ಆಟವು 1983ರಲ್ಲಿ ಅಟಾರಿ 400 ಮತ್ತು 800 ಕಂಪ್ಯೂಟರ್‌ಗಳಿಗಾಗಿ ಬಿಡುಗಡೆಯಾಯಿತು. ಅಟಾರಿಯ ಹೆಸರನ್ನು ಇಂಗ್ಲಿಷಿನಲ್ಲಿ ತಿರುಗುಮುರುಗಾಗಿ ಬರೆದು ಹೆಸರಿಸಲಾದ ಇರಾಟಾ ಎಂಬ ಗ್ರಹದಲ್ಲಿ ಕಥೆ ನಡೆಯುತ್ತದೆ. ನಾಲ್ವರು ವಲಸೆಗಾರರು ಭೂಮಿ ಹಿಡಿದು, ಹೇಸರಗತ್ತೆಯಂತಹ ಯಂತ್ರಗಳನ್ನು ಕೊಂಡು, ಆಹಾರ, ಇಂಧನ ಮತ್ತು ಖನಿಜಗಳನ್ನು ಉತ್ಪಾದಿಸುತ್ತಾರೆ. ಪ್ರತಿ ಸುತ್ತಿನ ಕೊನೆಯಲ್ಲಿ ಹರಾಜು ನಡೆಯುತ್ತದೆ. ಕೊಳ್ಳುವವರು ಪರದೆಯ ಕೆಳಗಿನಿಂದ ಮೇಲಕ್ಕೂ ಮಾರುವವರು ಮೇಲಿನಿಂದ ಕೆಳಕ್ಕೂ ಸರಿಯುತ್ತಾರೆ. ಇಬ್ಬರು ಸಂಧಿಸಿದಲ್ಲಿ ಬೆಲೆ ನಿಗದಿಯಾಗುತ್ತದೆ. ಆಕಸ್ಮಿಕ ಘಟನೆಗಳಲ್ಲಿ ಮುಂದಿರುವವರಿಗೆ ಅದೃಷ್ಟವಾಗಲಿ, ಹಿಂದುಳಿದವರಿಗೆ ದುರದೃಷ್ಟವಾಗಲಿ ಎದುರಾಗುವುದಿಲ್ಲ. ಗೆದ್ದವರನ್ನು ಘೋಷಿಸುವುದರ ಜೊತೆಗೆ ಇಡೀ ವಸಾಹತಿನ ಒಟ್ಟು ಸಂಪತ್ತನ್ನೂ ಕೊನೆಯಲ್ಲಿ ಅಳೆಯಲಾಗುತ್ತದೆ. ಹೀಗಾಗಿ ಪರಸ್ಪರ ಸ್ಪರ್ಧಿಸುತ್ತಲೇ ಸಹಕರಿಸುವುದು ಅನಿವಾರ್ಯವಾಗುತ್ತದೆ.

ಅಟಾರಿ 400 ಮತ್ತು 800 ಮಾದರಿಗಳಲ್ಲಿ ನಾಲ್ಕು ಜಾಯ್‌ಸ್ಟಿಕ್‌ಗಳನ್ನು ಜೋಡಿಸುವ ಅವಕಾಶವಿತ್ತು. ಮ್ಯೂಲ್ ಈ ಸೌಲಭ್ಯವನ್ನು ಆಧರಿಸಿ ರೂಪುಗೊಂಡ ಆಟ. ಮುಂದೆ ಇದು ಕಮೊಡೋರ್ 64, ಐಬಿಎಂ ಪಿಸಿ ಮತ್ತು ನಿಂಟೆಂಡೊ ಎಂಟರ್‌ಟೈನ್‌ಮೆಂಟ್ ಸಿಸ್ಟಮ್‌ಗಳಿಗೂ ಬಂತು. ಸುಮಾರು 30,000 ಪ್ರತಿಗಳಷ್ಟೇ ಮಾರಾಟವಾದರೂ ನಂತರದ ತಲೆಮಾರಿನ ವಿನ್ಯಾಸಕರ ಮೇಲೆ ಇದು ಆಳವಾದ ಪ್ರಭಾವ ಬೀರಿತು.

ನಂತರದ ಆಟಗಳು

ದಿ ಸೆವೆನ್ ಸಿಟೀಸ್ ಆಫ್ ಗೋಲ್ಡ್ (1984) ಸ್ಪೇನ್ ದೇಶದ ನಾವಿಕನೊಬ್ಬ ಅಮೆರಿಕ ಖಂಡಗಳನ್ನು ಅನ್ವೇಷಿಸುವ ಆಟ. ಇದರಲ್ಲಿ ನೈಜ ಭೂಪಟದ ಜೊತೆಗೆ, ಕಂಪ್ಯೂಟರ್ ತಾನೇ ಸೃಷ್ಟಿಸುವ ಹೊಸ ಖಂಡದಲ್ಲೂ ಸಂಚರಿಸಬಹುದಿತ್ತು. 1,50,000ಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದ ಇದು ಬಂಟನ್ ಅವರಿಗೆ ಅತಿ ಹೆಚ್ಚಿನ ವಾಣಿಜ್ಯ ಯಶಸ್ಸನ್ನು ತಂದಿತು. ಇದರ ಮುಂದುವರಿಕೆಯಾಗಿ ಹಾರ್ಟ್ ಆಫ್ ಆಫ್ರಿಕಾ 1985ರಲ್ಲಿ ಹೊರಬಂತು.

ಇವೆರಡೂ ಒಬ್ಬರೇ ಆಡುವ ಆಟಗಳಾಗಿದ್ದವು. ಅನಂತರ ಬಂಟನ್ ಮತ್ತೆ ಬಹು ಆಟಗಾರರ ಆಟಗಳತ್ತ ಮರಳಿದರು. ರೋಬೋಟ್ ರ‍್ಯಾಸ್ಕಲ್ಸ್ (1986) ಆಟದಲ್ಲಿ ಒಬ್ಬರೇ ಆಡುವ ಅವಕಾಶವೇ ಇರಲಿಲ್ಲ. ಪೆಟ್ಟಿಗೆಯಲ್ಲಿದ್ದ ಕಾಗದದ ಕಾರ್ಡ್‌ಗಳನ್ನು ಕಂಪ್ಯೂಟರಿನ ಜೊತೆ ಬಳಸಬೇಕಿತ್ತು. ಇದರ ಸುಮಾರು 9,000 ಪ್ರತಿಗಳು ಮಾತ್ರ ಮಾರಾಟವಾದವು. ಮೋಡೆಮ್ ವಾರ್ಸ್ (1988) ದೂರವಾಣಿ ತಂತಿಯ ಮೂಲಕ ಎರಡು ಕಂಪ್ಯೂಟರ್‌ಗಳನ್ನು ಜೋಡಿಸಿ ಆಡುವ ಯುದ್ಧದ ಆಟವಾಗಿತ್ತು. ಆದರೆ ಆಗ ಮೋಡೆಮ್ ಹೊಂದಿದ್ದ ಮನೆಗಳು ಕಡಿಮೆಯಿದ್ದವು. ಬಳಿಕ ಮೈಕ್ರೋಪ್ರೋಸ್ ಸಂಸ್ಥೆಗಾಗಿ ಕಮಾಂಡ್ ಹೆಚ್‌ಕ್ಯು (1990) ಮತ್ತು ಗ್ಲೋಬಲ್ ಕಾಂಕ್ವೆಸ್ಟ್ (1992) ಆಟಗಳನ್ನು ರಚಿಸಿದರು. ನಾಲ್ವರು ಜಾಲದ ಮೂಲಕ ಆಡಬಹುದಾಗಿದ್ದ ಗ್ಲೋಬಲ್ ಕಾಂಕ್ವೆಸ್ಟ್, ದೊಡ್ಡ ಪ್ರಕಾಶಕರೊಬ್ಬರಿಂದ ಬಂದ ಆ ಬಗೆಯ ಮೊದಲ ಆಟವೆಂದು ಪರಿಗಣಿತವಾಗಿದೆ.

ಬಿಡುಗಡೆಯಾಗದ ಮ್ಯೂಲ್

ಮೈಕ್ರೋಪ್ರೋಸ್ ಬಿಟ್ಟ ಬಳಿಕ ಬಂಟನ್ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆಗಾಗಿ ಮ್ಯೂಲ್ ಆಟವನ್ನು ಸೆಗಾ ಜೆನೆಸಿಸ್ ಯಂತ್ರಕ್ಕೆ ಅಳವಡಿಸುವ ಕೆಲಸವನ್ನು ಕೈಗೆತ್ತಿಕೊಂಡರು. ಕೆಲಸವು ಪ್ರಾಯೋಗಿಕ ಆವೃತ್ತಿಯ ಹಂತದವರೆಗೆ ಸಾಗಿತು. ಆಗ ಆಟಗಾರರು ಒಬ್ಬರ ಮೇಲೊಬ್ಬರು ಪ್ರಯೋಗಿಸಲು ಬಂದೂಕು ಮತ್ತು ಬಾಂಬುಗಳನ್ನು ಸೇರಿಸಬೇಕೆಂದು ಪ್ರಕಾಶಕರು ಸೂಚಿಸಿದರು. ಎದುರಾಳಿಯನ್ನು ನಾಶಪಡಿಸದೆ ವ್ಯಾಪಾರದಲ್ಲಿ ಮೀರಿಸುವುದೇ ಆಟದ ಜೀವಾಳವಾಗಿದ್ದುದರಿಂದ ಬಂಟನ್ ಈ ಬದಲಾವಣೆಗೆ ಒಪ್ಪಲಿಲ್ಲ. ಯೋಜನೆ ರದ್ದಾಯಿತು. ಆಟವನ್ನು ಹೊಸ ತಲೆಮಾರಿಗೆ ತಲುಪಿಸುವ ಅವಕಾಶ ಇದರಿಂದ ತಪ್ಪಿಹೋಯಿತಾದರೂ, ಮೂಲ ವಿನ್ಯಾಸ ಬದಲಾಗದೆ ಉಳಿಯಿತು.

ಕೊನೆಯ ವರ್ಷಗಳು

ಬಂಟನ್ ಮೂರು ಬಾರಿ ವಿವಾಹವಾಗಿದ್ದು, ಅವರಿಗೆ ಮೂವರು ಮಕ್ಕಳಿದ್ದರು. 1992ರ ನವೆಂಬರಿನಲ್ಲಿ ಅವರು ಲಿಂಗ ಪರಿವರ್ತನೆ ಶಸ್ತ್ರಚಿಕಿತ್ಸೆಗೆ ಒಳಗಾದರು. ಅಂದಿನಿಂದ ಡೇನಿಯೆಲ್ ಬಂಟನ್ ಬೆರ್ರಿ ಎಂಬ ಹೆಸರಿನಲ್ಲಿ ಬದುಕಿದರು. ಆಮೇಲಿನ ವರ್ಷಗಳಲ್ಲಿ ಆಟಗಳ ಉದ್ಯಮದಲ್ಲಿ ಅವರು ಮೊದಲಿನಷ್ಟು ಮುನ್ನೆಲೆಯಲ್ಲಿರಲಿಲ್ಲ. ಮೋಡೆಮ್ ವಾರ್ಸ್ ಆಟದ ಹೊಸ ರೂಪವಾದ ವಾರ್‌ಸ್ಪೋರ್ಟ್ 1997ರಲ್ಲಿ ಎಂಪ್ಲೇಯರ್ ಎಂಬ ಅಂತರಜಾಲ ಸೇವೆಯಲ್ಲಿ ಬಿಡುಗಡೆಯಾಯಿತು. ಇದು ಅವರ ಕೊನೆಯ ಪ್ರಕಟಿತ ಆಟ.

ಶ್ವಾಸಕೋಶದ ಕ್ಯಾನ್ಸರ್‌ನಿಂದ ಬಳಲುತ್ತಿದ್ದ ಬಂಟನ್ 1998ರ ಜುಲೈ 3ರಂದು ತಮ್ಮ 49ನೆಯ ವಯಸ್ಸಿನಲ್ಲಿ ನಿಧನರಾದರು. ಆ ಸಮಯದಲ್ಲಿ ಅವರು ಮ್ಯೂಲ್ ಆಟದ ಅಂತರಜಾಲ ಆವೃತ್ತಿಯನ್ನು ವಿನ್ಯಾಸಗೊಳಿಸುತ್ತಿದ್ದರು. ಅದು ಅಪೂರ್ಣವಾಗಿಯೇ ಉಳಿಯಿತು.

ಕೃತಿಗಳ ಸಂರಕ್ಷಣೆ

ಹಳೆಯ ಗೃಹ ಕಂಪ್ಯೂಟರ್‌ಗಳ ಆಟಗಳು ಕ್ಯಾಸೆಟ್ ಟೇಪು ಮತ್ತು ಫ್ಲಾಪಿ ಡಿಸ್ಕುಗಳಲ್ಲಿ ಕಾಂತೀಯ ಗುರುತುಗಳಾಗಿ ಉಳಿದಿವೆ. ಆಪಲ್ 2 ಡಿಸ್ಕಿನ ಒಂದು ಬದಿಯಲ್ಲಿ ಸುಮಾರು 140 ಕಿಲೋಬೈಟ್ ಮತ್ತು ಅಟಾರಿ 810 ಡಿಸ್ಕಿನಲ್ಲಿ ಸುಮಾರು 90 ಕಿಲೋಬೈಟ್ ಮಾಹಿತಿ ಹಿಡಿಸುತ್ತಿತ್ತು. ತೇವ, ಬೂಷ್ಟು ಮತ್ತು ಕಾಲದ ಪರಿಣಾಮದಿಂದ ಕಾಂತೀಯ ಲೇಪನ ಕೆಡುತ್ತದೆ. ಹೆಚ್ಚು ಪ್ರತಿಗಳು ಮಾರಾಟವಾದ ಆಟದ ಒಂದು ಡಿಸ್ಕು ಕೆಟ್ಟರೆ ಇನ್ನೊಂದು ದೊರೆಯುತ್ತದೆ. ವೀಲರ್ ಡೀಲರ್ಸ್‌ನಂತೆ 50 ಪ್ರತಿಗಳಷ್ಟೇ ಮಾರಾಟವಾದ ಆಟಕ್ಕೆ ಈ ಅನುಕೂಲವಿಲ್ಲ. ಬಿಡುಗಡೆಯಾಗದ ಆಟಗಳ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ಅವು ಸಾಮಾನ್ಯವಾಗಿ ಅಭಿವೃದ್ಧಿಪಡಿಸಿದವರ ಅಥವಾ ಪರೀಕ್ಷಿಸಿದವರ ಬಳಿಯ ಒಂದೆರಡು ಡಿಸ್ಕುಗಳಲ್ಲೋ ಮರುಬರೆಯಬಹುದಾದ ಇಪಿರಾಮ್ ಚಿಪ್‌ಗಳಲ್ಲೋ ಇರುತ್ತವೆ. ಅಂತಹ ಚಿಪ್‌ಗಳಲ್ಲಿನ ಮಾಹಿತಿ ಅತಿನೇರಳೆ ಬೆಳಕಿನಿಂದ ಅಳಿಯುತ್ತದೆ. ದಶಕಗಳು ಕಳೆದಂತೆ ತಾನಾಗಿಯೂ ಕ್ಷೀಣಿಸುತ್ತದೆ.

ಡಿಸ್ಕನ್ನು ನಕಲು ಮಾಡುವುದೂ ಸುಲಭವಲ್ಲ. ಅಕ್ರಮ ಪ್ರತಿಗಳನ್ನು ತಡೆಯಲು ಪ್ರಕಾಶಕರು ಡಿಸ್ಕಿನಲ್ಲಿ ಉದ್ದೇಶಪೂರ್ವಕ ದೋಷಗಳನ್ನು ಇರಿಸುತ್ತಿದ್ದರು. ಸಾಮಾನ್ಯ ನಕಲಿನಲ್ಲಿ ಈ ದೋಷಗಳು ಬಾರದಿರುವುದರಿಂದ ಆಟ ಚಾಲನೆಗೊಳ್ಳುವುದಿಲ್ಲ. ಆದ್ದರಿಂದ ಸಂರಕ್ಷಕರು ಕ್ರಯೋಫ್ಲಕ್ಸ್, ಆಪಲ್‌ಸಾಸ್ ಮುಂತಾದ ಸಾಧನಗಳಿಂದ ಡಿಸ್ಕಿನ ಮೇಲ್ಮೈಯಲ್ಲಿನ ಕಾಂತೀಯ ಬದಲಾವಣೆಗಳನ್ನೇ ನೇರವಾಗಿ ದಾಖಲಿಸುತ್ತಾರೆ. ಹೀಗೆ ಪಡೆದ ಪ್ರತಿರೂಪವನ್ನು ಹಳೆಯ ಯಂತ್ರವನ್ನು ಅನುಕರಿಸುವ ಎಮ್ಯುಲೇಟರ್ ತಂತ್ರಾಂಶದಲ್ಲಿ ಚಾಲನೆ ಮಾಡಬಹುದು. ಮೂಲ ಡಿಸ್ಕಿನಲ್ಲಿ ಬರೆಯಲು ಅವಕಾಶ ನೀಡುವ ರಂಧ್ರವನ್ನು ಮುಚ್ಚಿ, ಅದನ್ನು ಕೇವಲ ಓದುವುದು ಈ ಕಾರ್ಯದ ಮೊದಲ ನಿಯಮ.

ಬಂಟನ್ ಅವರ ಆಟಗಳ ವಿಷಯದಲ್ಲಿ ಡಿಸ್ಕಿನ ಪ್ರತಿರೂಪವೊಂದೇ ಸಾಲದು. ಮ್ಯೂಲ್ ಆಟಕ್ಕೆ ನಾಲ್ಕು ಜಾಯ್‌ಸ್ಟಿಕ್‌ಗಳೂ ನಾಲ್ವರು ಆಟಗಾರರೂ ಬೇಕು. 1983ರಲ್ಲಿ ಬಂದ ಅಟಾರಿ ಎಕ್ಸ್‌ಎಲ್ ಮಾದರಿಗಳಲ್ಲಿಯೇ ಜಾಯ್‌ಸ್ಟಿಕ್ ಜೋಡಣೆಗಳು ಎರಡಕ್ಕೆ ಇಳಿದಿದ್ದವು. ವೀಲರ್ ಡೀಲರ್ಸ್‌ಗೆ ಅದರ ನಿಯಂತ್ರಕ ಬೇಕು. ರೋಬೋಟ್ ರ‍್ಯಾಸ್ಕಲ್ಸ್‌ಗೆ ಕಾಗದದ ಕಾರ್ಡ್‌ಗಳು ಬೇಕು. ಮೋಡೆಮ್ ವಾರ್ಸ್‌ಗೆ ತಂತಿಯ ಇನ್ನೊಂದು ತುದಿಯಲ್ಲಿ ಎದುರಾಳಿ ಬೇಕು. ವಾರ್‌ಸ್ಪೋರ್ಟ್ ಆಧರಿಸಿದ್ದ ಎಂಪ್ಲೇಯರ್ ಸೇವೆ ಈಗ ಅಸ್ತಿತ್ವದಲ್ಲಿಲ್ಲ. ಹಾಗಾಗಿ ಇವರ ಕೃತಿಗಳ ಸಂರಕ್ಷಣೆಯು ತಂತ್ರಾಂಶದ ಜೊತೆಗೆ ಉಪಕರಣ, ಕೈಪಿಡಿ, ಪೆಟ್ಟಿಗೆಯ ಸಾಮಗ್ರಿ ಹಾಗೂ ಆಡುವ ಬಗೆಯ ದಾಖಲೆಗಳನ್ನೂ ಒಳಗೊಳ್ಳಬೇಕಾಗುತ್ತದೆ.

ಮೂಲ ಆಟವನ್ನು ಆಧರಿಸಿದ ಮರುರಚನೆಗಳೂ ನಡೆದಿವೆ. 2009ರಲ್ಲಿ ಬಂದ ಪ್ಲಾನೆಟ್ ಮ್ಯೂಲ್, ಬೇರೆ ಬೇರೆ ಊರುಗಳಲ್ಲಿರುವ ಆಟಗಾರರು ಅಂತರಜಾಲದ ಮೂಲಕ ಮ್ಯೂಲ್ ಆಡಲು ಅನುವು ಮಾಡಿಕೊಟ್ಟಿತು. ಬಂಟನ್ ಕೊನೆಯ ದಿನಗಳಲ್ಲಿ ಕೈಗೊಂಡಿದ್ದ ಉದ್ದೇಶವು ಹೀಗೆ ಅವರ ನಿಧನದ 11 ವರ್ಷಗಳ ಬಳಿಕ ಇತರರಿಂದ ಕೈಗೂಡಿತು.

ಗೌರವಗಳು

1996ರಲ್ಲಿ ಕಂಪ್ಯೂಟರ್ ಗೇಮಿಂಗ್ ವರ್ಲ್ಡ್ ಪತ್ರಿಕೆಯು ಪ್ರಕಟಿಸಿದ ಸಾರ್ವಕಾಲಿಕ ಶ್ರೇಷ್ಠ ಆಟಗಳ ಪಟ್ಟಿಯಲ್ಲಿ ಮ್ಯೂಲ್ ಮೂರನೆಯ ಸ್ಥಾನ ಪಡೆಯಿತು. 1998ರಲ್ಲಿ, ನಿಧನಕ್ಕೆ ಕೆಲವೇ ವಾರಗಳ ಮೊದಲು, ಕಂಪ್ಯೂಟರ್ ಗೇಮ್ ಡೆವಲಪರ್ಸ್ ಅಸೋಸಿಯೇಶನ್ ಬಂಟನ್ ಅವರಿಗೆ ಜೀವಮಾನ ಸಾಧನೆಯ ಪ್ರಶಸ್ತಿ ನೀಡಿತು. ವಿಲ್ ರೈಟ್ 2000ದಲ್ಲಿ ಬಿಡುಗಡೆಯಾದ ತಮ್ಮ ದಿ ಸಿಮ್ಸ್ ಆಟವನ್ನು ಇವರ ನೆನಪಿಗೆ ಅರ್ಪಿಸಿದರು. 2007ರಲ್ಲಿ ಅಕಾಡೆಮಿ ಆಫ್ ಇಂಟರ್‌ಆ್ಯಕ್ಟಿವ್ ಆರ್ಟ್ಸ್ ಆ್ಯಂಡ್ ಸೈನ್ಸಸ್ ತನ್ನ ಗೌರವಪಟ್ಟಿಯಲ್ಲಿ ಇವರನ್ನು ಸೇರಿಸಿಕೊಂಡಿತು.

ಪ್ರಕಟಿತ ಆಟಗಳು

- ವೀಲರ್ ಡೀಲರ್ಸ್ (1978)
- ಕಂಪ್ಯೂಟರ್ ಕ್ವಾರ್ಟರ್‌ಬ್ಯಾಕ್
- ಕಾರ್ಟೆಲ್ಸ್ ಆ್ಯಂಡ್ ಕಟ್‌ಥ್ರೋಟ್ಸ್ (1981)
- ಸೈಟ್ರಾನ್ ಮಾಸ್ಟರ್ಸ್ (1982)
- ಎಂ.ಯು.ಎಲ್.ಇ. (1983)
- ದಿ ಸೆವೆನ್ ಸಿಟೀಸ್ ಆಫ್ ಗೋಲ್ಡ್ (1984)
- ಹಾರ್ಟ್ ಆಫ್ ಆಫ್ರಿಕಾ (1985)
- ರೋಬೋಟ್ ರ‍್ಯಾಸ್ಕಲ್ಸ್ (1986)
- ಮೋಡೆಮ್ ವಾರ್ಸ್ (1988)
- ಕಮಾಂಡ್ ಹೆಚ್‌ಕ್ಯು (1990)
- ಗ್ಲೋಬಲ್ ಕಾಂಕ್ವೆಸ್ಟ್ (1992)
- ವಾರ್‌ಸ್ಪೋರ್ಟ್ (1997)