ಸಾಕ್ಷ್ಯವನ್ನು ಅರಸಿದ ಸೇವೆ: ಕುದ್ಮುಲ್ ರಂಗರಾವ್

ಸಮಾಜಸುಧಾರಕರ ಚರಿತ್ರೆಯಲ್ಲಿ ಅವರ ಕರುಣೆಯನ್ನು ಕೊಂಡಾಡುವುದು ರೂಢಿ. ಅವರ ಕಾರ್ಯವಿಧಾನವನ್ನು ಪರಿಶೀಲಿಸುವುದು ವಿರಳ. ಕುದ್ಮುಲ್ ರಂಗರಾಯರ ಬದುಕು ಈ ಎರಡನೆಯ ಬಗೆಯ ಓದಿಗೂ ಅರ್ಹವಾದುದು. ಸದುದ್ದೇಶವೊಂದೇ ಸೇವೆಯನ್ನು ಫಲಪ್ರದಗೊಳಿಸದು, ಕೈಗೊಂಡ ಕ್ರಮದ ಪರಿಣಾಮವನ್ನು ಕಂಡು ಅದನ್ನು ತಿದ್ದಿಕೊಳ್ಳಬೇಕು ಎಂಬ ಪಾಠ ಅಲ್ಲಿದೆ.

ರಂಗರಾಯರು 1859ರ ಜೂನ್ 29ರಂದು ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಕುದ್ಮುಲ್ ಗ್ರಾಮದ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು ಮಂಗಳೂರು ಸೇರಿದರು. ಮೊದಲು ಉಪಾಧ್ಯಾಯರಾಗಿ, ಬಳಿಕ ವಕೀಲರಾಗಿ ದುಡಿದು, ಬಡವರ ಪರ ವಾದಿಸುವವರೆಂದು ಹೆಸರಾದರು. ಬ್ರಹ್ಮಸಮಾಜದ ವಿಚಾರಗಳು ಅವರನ್ನು ಆಕರ್ಷಿಸಿದ್ದವು.

1892ರಲ್ಲಿ ಅವರು ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆಯೊಂದನ್ನು ತೆರೆದರು. ಸವರ್ಣೀಯರ ವಿರೋಧದಿಂದ ಅದು ಅಲ್ಲಿ ನೆಲೆಯೂರಲಿಲ್ಲ. ಶಾಲೆ ತೆರೆದರೆ ಮಕ್ಕಳು ತಾವಾಗಿ ಬರುವರೆಂಬ ಎಣಿಕೆ ಸಾಲದೆಂಬುದು ಅನುಭವದಿಂದ ಸ್ಪಷ್ಟವಾಯಿತು. ಇಂಥ ಘಳಿಗೆಯಲ್ಲಿ ಆ ಜನರಿಗೆ ವಿದ್ಯೆಯ ಹಂಬಲವಿಲ್ಲವೆಂದು ತೀರ್ಮಾನಿಸಿ ಕೈಚೆಲ್ಲುವುದು ಸುಲಭವಾಗಿತ್ತು. ರಂಗರಾಯರು ಹಾಗೆ ಮಾಡಲಿಲ್ಲ. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಕಟ್ಟಿ, ಕಲಿಕೆಗೆ ಅಡ್ಡಬರುವ ಒಂದೊಂದು ತೊಡಕಿಗೂ ಪ್ರತ್ಯೇಕ ಪರಿಹಾರವನ್ನು ಹುಡುಕತೊಡಗಿದರು.

ಮೊದಲ ತೊಡಕು ಹಸಿವು. ಕೂಲಿಯ ಮನೆಯ ಮಗು ಬರಿಹೊಟ್ಟೆಯಲ್ಲಿ ಪಾಠ ಕೇಳಲಾರದು; ಆದ್ದರಿಂದ ಶಾಲೆಯಲ್ಲಿ ಮಧ್ಯಾಹ್ನದ ಊಟ ಏರ್ಪಟ್ಟಿತು. ಎರಡನೆಯದು ಅಧ್ಯಾಪಕರ ಅಭಾವ. ಸವರ್ಣೀಯರು ಪಾಠ ಹೇಳಲು ಮುಂದೆ ಬಾರದಿದ್ದಾಗ ಕ್ರೈಸ್ತ ಅಧ್ಯಾಪಕರನ್ನು ನೇಮಿಸಲಾಯಿತು. ಮೂರನೆಯದು ಕಲಿತ ಮೇಲಿನ ಜೀವನೋಪಾಯ. ಅದಕ್ಕಾಗಿ ನೇಯ್ಗೆ, ಬಡಗಿತನಗಳಂಥ ಕಸುಬುಗಳ ತರಬೇತಿ ಸೇರಿತು. ನೆಲೆಯಿಲ್ಲದವರಿಗೆ ಮನೆಯ ನಿವೇಶನ ದೊರಕಿಸುವ ಯತ್ನವೂ ನಡೆಯಿತು. ಅಕ್ಷರದಿಂದ ಆರಂಭವಾದ ಕೆಲಸ ಅನ್ನ, ಉದ್ಯೋಗ, ವಸತಿಗಳವರೆಗೆ ವಿಸ್ತರಿಸಿತು.

ಅಮೆರಿಕದ ಮೇರಿ ರಿಚ್ಮಂಡ್ ಸಮಾಜಕಾರ್ಯಕ್ಕೆ ಸಾಕ್ಷ್ಯಸಂಗ್ರಹವೇ ತಳಹದಿಯೆಂದು ಪ್ರತಿಪಾದಿಸಿದ ಗ್ರಂಥ ಹೊರಬಂದುದು 1917ರಲ್ಲಿ. ಸಾಕ್ಷ್ಯಾಧಾರಿತ ಕಾರ್ಯವಿಧಾನವೆಂಬ ಪರಿಕಲ್ಪನೆ ವೈದ್ಯಶಾಸ್ತ್ರದಿಂದ ಸಮಾಜಕಾರ್ಯಕ್ಕೆ ಬಂದುದು 1990ರ ದಶಕದಲ್ಲಿ. ಸಂಶೋಧನೆಯ ಫಲಿತಾಂಶ, ಕಾರ್ಯಕರ್ತನ ಅನುಭವ, ನೆರವು ಪಡೆಯುವವರ ಇಚ್ಛೆ ಮತ್ತು ಪರಿಸ್ಥಿತಿ, ಈ ಮೂರನ್ನೂ ಕೂಡಿಸಿ ನಿರ್ಣಯಿಸುವುದೇ ಅದರ ತಿರುಳು. ರಂಗರಾಯರ ಕಾಲದಲ್ಲಿ ಇವುಗಳಲ್ಲಿ ಮೊದಲನೆಯದು ಇರಲಿಲ್ಲ. ಶಾಸ್ತ್ರೀಯ ಹೋಲಿಕೆಯಿಂದ ತಮ್ಮ ಕ್ರಮಗಳನ್ನು ಪರೀಕ್ಷಿಸುವ ಸೌಕರ್ಯವೂ ಇರಲಿಲ್ಲ. ಉಳಿದೆರಡು ಅವರ ಕೆಲಸದಲ್ಲಿ ಎದ್ದು ಕಾಣುತ್ತವೆ. ಸೋಲನ್ನು ಅವರು ಮಕ್ಕಳ ಕೊರತೆಯೆಂದು ಬಗೆಯದೆ ವ್ಯವಸ್ಥೆಯ ಕೊರತೆಯೆಂದು ಬಗೆದರು.

ಈ ನಿಲುವಿಗೆ ಅವರು ತೆತ್ತ ಬೆಲೆ ಅಲ್ಪವಲ್ಲ. ಸ್ವಜಾತಿಯವರು ಬಹಿಷ್ಕರಿಸಿದರು, ಅವಮಾನಗಳನ್ನು ಕುಟುಂಬವೂ ಸಹಿಸಬೇಕಾಯಿತು. ಆದರೂ ಮನೆಯವರು ಅವರ ವಿಚಾರದಿಂದ ದೂರ ಸರಿಯಲಿಲ್ಲ. ಮಗಳು ರಾಧಾಬಾಯಿ ಜಾತಿಯ ಗಡಿಯನ್ನು ದಾಟಿ ಪಿ. ಸುಬ್ಬರಾಯನ್ ಅವರನ್ನು ವರಿಸಿದರು. 1930ರ ದುಂಡುಮೇಜಿನ ಪರಿಷತ್ತಿನಲ್ಲಿ ಪಾಲ್ಗೊಂಡ ಭಾರತೀಯ ಮಹಿಳೆಯರಲ್ಲಿ ಒಬ್ಬರಾದರು. ರಂಗರಾಯರು ಕೊನೆಗಾಲದಲ್ಲಿ ಸಂನ್ಯಾಸ ಸ್ವೀಕರಿಸಿ, 1928ರ ಜನವರಿ 30ರಂದು ನಿಧನರಾದರು. ತಮ್ಮ ಅಂತ್ಯಕ್ರಿಯೆಯನ್ನು ದಲಿತರೇ ನೆರವೇರಿಸಬೇಕೆಂಬುದು ಅವರ ಇಚ್ಛೆಯಾಗಿತ್ತು. ತಮ್ಮ ಶಾಲೆಯಲ್ಲಿ ಓದಿದವರು ಉನ್ನತ ಸ್ಥಾನಕ್ಕೇರಿ, ಅವರ ವಾಹನ ಎಬ್ಬಿಸಿದ ಧೂಳು ತಮ್ಮನ್ನು ಸೋಕಿದರೆ ಜನ್ಮ ಸಾರ್ಥಕವೆಂದು ಅವರು ಭಾವಿಸಿದ್ದರು. ತೆರೆದ ಶಾಲೆಗಳ ಸಂಖ್ಯೆಯನ್ನಲ್ಲ, ಕಲಿತವರ ಬದುಕಿನಲ್ಲಾದ ಬದಲಾವಣೆಯನ್ನೇ ಅವರು ಯಶಸ್ಸಿನ ಅಳತೆಗೋಲಾಗಿಸಿಕೊಂಡಿದ್ದರು. ಮಂಗಳೂರಿನ ನಂದಿಗುಡ್ಡೆಯಲ್ಲಿ ಅವರ ಸಮಾಧಿಯಿದೆ.

ಗದ್ವಾಲ ಸೀಮೆಯ ವಡ್ಡೆಪಲ್ಲಿಯೇ ಆಗಲಿ, ಬೇರಾವ ಊರೇ ಆಗಲಿ, ಶಾಲೆ ಬಿಟ್ಟ ಮಗುವಿನ ಮನೆಯ ಬಾಗಿಲಲ್ಲಿ ನಿಲ್ಲುವ ಸಮಾಜ ಕಾರ್ಯಕರ್ತನಿಗೆ ಈ ಜೀವನ ದಾರಿ ತೋರಬಲ್ಲದು. ಅಲ್ಲಿ ಉಪದೇಶಕ್ಕಿಂತ ಮೊದಲು ವಿಚಾರಣೆ ನಡೆಯಬೇಕು. ಮಗು ಏಕೆ ಬರುತ್ತಿಲ್ಲ, ಕೈಗೊಂಡ ಕ್ರಮದಿಂದ ಅದು ಮರಳಿ ಬಂದಿತೇ, ಬಾರದಿದ್ದರೆ ಬದಲಿಸಬೇಕಾದುದು ಯಾವುದು ಎಂಬ ಪ್ರಶ್ನೆಗಳನ್ನು ಕೈಬಿಟ್ಟ ಸೇವೆ ಎಷ್ಟೇ ನಿಷ್ಠೆಯದಾದರೂ ಕುರುಡಾಗಿ ಉಳಿಯುತ್ತದೆ.