ಪಾದಚಾರಿ ವಿನೋಬಾ

ಬಂಡಿಯೇರಿ ವೇಗದಿಂದ ಸಾಗುವವನಿಗೆ ಹಳ್ಳಿಯೆಂಬುದು ಕ್ಷಣಕಾಲದ ನೋಟ. ನಡೆದು ಹೋಗುವವನಿಗಾದರೋ ಅದರ ಬಾವಿಯ ನೀರೂ ಗುಡಿಸಲಿನ ಹಸಿವೂ ಪರಿಚಿತವಾಗುತ್ತವೆ. ಈ ಸತ್ಯವನ್ನು ತಮ್ಮ ನಡೆಯಿಂದಲೇ ಲೋಕಕ್ಕೆ ತೋರಿದ ಮಹನೀಯರು ಆಚಾರ್ಯ ವಿನೋಬಾ ಭಾವೆಯವರು.

1895ನೆಯ ಇಸವಿಯ ಸೆಪ್ಟೆಂಬರ್ 11ರಂದು ಕೊಂಕಣ ಸೀಮೆಯ ಗಾಗೋದೆ ಗ್ರಾಮದಲ್ಲಿ ಜನಿಸಿದ ಇವರು 1916ರಲ್ಲಿ ಗಾಂಧೀಜಿಯವರ ಆಶ್ರಮವನ್ನು ಸೇರಿದರು. ಮರುವರ್ಷ ಒಂದು ವರ್ಷದ ರಜೆ ಪಡೆದು, ವಾಯಿ ಕ್ಷೇತ್ರದಲ್ಲಿ ಶಾಸ್ತ್ರಾಧ್ಯಯನ ಮಾಡಿ, ಮಹಾರಾಷ್ಟ್ರದ ಹಳ್ಳಿ ಕೋಟೆಗಳನ್ನು ಕಾಣುತ್ತ ಸುಮಾರು 400 ಮೈಲಿ ನಡೆದರು. ಮಾತು ಕೊಟ್ಟ ದಿನವೇ ಆಶ್ರಮಕ್ಕೆ ಹಿಂತಿರುಗಿದರು.

1951ರಲ್ಲಿ ಹೈದರಾಬಾದಿನ ಬಳಿಯ ಶಿವರಾಮಪಲ್ಲಿಯಲ್ಲಿ ಸರ್ವೋದಯ ಸಮ್ಮೇಳನ ನೆರೆಯಿತು. ಹಣವನ್ನು ಮುಟ್ಟದೆ ಬಾಳುವ ಪ್ರಯೋಗದಲ್ಲಿ ತೊಡಗಿದ್ದ ವಿನೋಬಾರವರು ರೈಲನ್ನು ಹತ್ತದೆ, ವಾರ್ಧಾದ ಸಮೀಪದ ಪವನಾರದಿಂದ ಸುಮಾರು 300 ಮೈಲಿ ನಡೆದೇ ಅಲ್ಲಿಗೆ ಬಂದರು. ಬಳಿಕ, ಭೂಮಿಗಾಗಿ ರಕ್ತ ಹರಿದಿದ್ದ ತೆಲಂಗಾಣದ ಹಳ್ಳಿಗಳಲ್ಲಿ ನಡೆಯತೊಡಗಿದರು. ಏಪ್ರಿಲ್ 18ರಂದು ಪೋಚಂಪಲ್ಲಿಯಲ್ಲಿ 40 ಭೂಹೀನ ದಲಿತ ಕುಟುಂಬಗಳು 80 ಎಕರೆ ಬೇಡಿದುವು. ಅಲ್ಲಿಯೇ ಇದ್ದ ರಾಮಚಂದ್ರ ರೆಡ್ಡಿಯವರು 100 ಎಕರೆ ಕೊಡಲು ಮುಂದೆ ಬಂದರು. ಭೂದಾನವು ಹೀಗೆ ದಾರಿಯಲ್ಲಿ ಹುಟ್ಟಿತು.

ಅಂದಿನಿಂದ ಹದಿಮೂರು ವರ್ಷ ಅವರಿಗೆ ನಡಿಗೆಯೇ ಮನೆಯಾಯಿತು. ನಸುಕಿನಲ್ಲಿ ಲಾಂದ್ರದ ಬೆಳಕಿನಲ್ಲಿ ಹೊರಟು, ಹತ್ತು ಹನ್ನೆರಡು ಮೈಲಿ ಸವೆಸಿ, ಮುಂದಿನ ಊರಿನಲ್ಲಿ ತಂಗುವುದು ನಿತ್ಯದ ನೇಮ. ಹೊಟ್ಟೆಯ ಹುಣ್ಣಿನ ಬಾಧೆಯಿದ್ದುದರಿಂದ ಮೊಸರು ಜೇನುಗಳೇ ಮುಖ್ಯ ಆಹಾರ. 1957ರಲ್ಲಿ ಕನ್ನಡ ನಾಡಿಗೆ ಬಂದಾಗ, ಮೈಸೂರಿನ ಬಳಿಯ ಯಲವಾಲದಲ್ಲಿ ನಾನಾ ಪಕ್ಷಗಳ ಮುಖಂಡರು ಕೂಡಿ ಗ್ರಾಮದಾನವನ್ನು ಅನುಮೋದಿಸಿದರು. 1960ರ ಮೇ ತಿಂಗಳಿನಲ್ಲಿ ಚಂಬಲ್ ಕಣಿವೆಯ ಡಕಾಯಿತರು ಈ ನಿಶ್ಶಸ್ತ್ರ ಪಥಿಕನ ಮುಂದೆ ಶಸ್ತ್ರಗಳನ್ನಿಟ್ಟರು. 1964ರ ಏಪ್ರಿಲಿನಲ್ಲಿ ಅವರು ಪವನಾರಕ್ಕೆ ಮರಳಿದರು.

ದಾನವಾಗಿ ಬಂದ ಭೂಮಿ 40 ಲಕ್ಷ ಎಕರೆಗೂ ಮೀರಿತು. ಅದರಲ್ಲಿ ಎಷ್ಟೋ ಭಾಗ ಬಂಜರು. ಎಷ್ಟೋ ಭಾಗ ಬಡವರ ಕೈ ಸೇರಲಿಲ್ಲ. 1965ರಿಂದ ಬಿಹಾರದಲ್ಲಿ ತೂಫಾನ್ ಎಂಬ ಹೆಸರಿನಲ್ಲಿ ಅವರು ವಾಹನವನ್ನೇರಿ ಸಂಚರಿಸಿದರು. ಗ್ರಾಮದಾನದ ಸಂಕಲ್ಪಪತ್ರಗಳು ಸಾವಿರಾರು ಬಂದುವು. ಬಹುಪಾಲು ಕಾಗದದಲ್ಲಿಯೇ ಉಳಿದುವು. ಬಿರುಗಾಳಿ ಬೀಜವನ್ನು ಚೆಲ್ಲಬಹುದು, ಊರಿಸಲಾರದು. 1982ರ ನವೆಂಬರ್ 15ರಂದು, ಅನ್ನೌಷಧಗಳನ್ನು ತ್ಯಜಿಸಿ, ಪವನಾರದಲ್ಲಿ ಅವರು ದೇಹವನ್ನು ಬಿಟ್ಟರು.

ಜಂಗಮವೆಂಬ ಮಾತಿನ ಹಿರಿಮೆಯನ್ನರಿತ ಭಕ್ತರಿಗೆ ಈ ಚರಿತೆ ಹೊಸದೆನಿಸಲಾರದು. ನೆರೆಯ ಹಳ್ಳಿಗೆ ಒಂದು ದಿನವಾದರೂ ನಡೆದು ಹೋಗೋಣ. ದಾರಿಯಲ್ಲಿ ಎದುರಾದವರ ಕಷ್ಟಸುಖವನ್ನು ನಿಂತು ಕೇಳೋಣ.