ಹೊಸಬರಿಗೂ ಒಲಿಯುವ ಆಟ ಕಟ್ಟಿದ ಜೋ ಸೊಬೆಕ್: ರಾಕೆಟ್‌ಬಾಲ್ ಹುಟ್ಟಿದ ಕಥೆ

ಮೊದಲ ದಿನ ಸ್ಕ್ವಾಷ್ ಕೋರ್ಟ್‌ಗೆ ಇಳಿದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಚೆಂಡು ಪುಟಿಯುವುದೇ ಇಲ್ಲ! ಅದು ಬಿಸಿಯಾಗುವವರೆಗೆ ಹೊಡೆಯುತ್ತಲೇ ಇರಬೇಕು. ಹೊಸಬರಿಗೆ ಅಷ್ಟು ಹೊಡೆಯಲು ಬರುವುದಿಲ್ಲ, ಹಾಗಾಗಿ ಚೆಂಡು ಬಿಸಿಯಾಗುವುದೂ ಇಲ್ಲ. ಅರ್ಧ ಗಂಟೆ ಬಗ್ಗಿ ಬಗ್ಗಿ ಚೆಂಡು ಹೆಕ್ಕಿ ಮನೆಗೆ ಬಂದವರು ಮತ್ತೆ ಆ ಕಡೆ ತಲೆ ಹಾಕದೇ ಇರುವುದೂ ಉಂಟು. ವೇಗವೂ ಇರಬೇಕು, ಮೊದಲ ದಿನವೇ ಆಡಲೂ ಬರಬೇಕು, ಅಂಥ ಆಟ ಸಾಧ್ಯವೇ? ಮುಕ್ಕಾಲು ಶತಮಾನದ ಹಿಂದೆ ಅಮೆರಿಕದಲ್ಲಿ ಒಬ್ಬರು ಈ ಪ್ರಶ್ನೆಯ ಬೆನ್ನು ಹತ್ತಿದ್ದರು. ಅವರೇ ಜೋ ಸೊಬೆಕ್. ಇಂದು ರಾಕೆಟ್‌ಬಾಲ್ ಎಂದು ಕರೆಯುವ ಆಟದ ಜನಕ.

1918ರಲ್ಲಿ ಜನಿಸಿದ ಸೊಬೆಕ್ ಅವರ ಹೆಸರು ಕನೆಕ್ಟಿಕಟ್ ರಾಜ್ಯದ ಗ್ರೆನಿಚ್ ಪಟ್ಟಣದೊಂದಿಗೆ ಬೆಸೆದುಕೊಂಡಿದೆ. ಟೆನಿಸ್, ಸ್ಕ್ವಾಷ್, ಹ್ಯಾಂಡ್‌ಬಾಲ್ ಮೂರೂ ಅವರಿಗೆ ಚೆನ್ನಾಗಿ ಗೊತ್ತಿದ್ದವು. ಸಮಸ್ಯೆ ಇದ್ದದ್ದು ಒಳಾಂಗಣದಲ್ಲಿ ಏನು ಆಡುವುದು ಎಂಬಲ್ಲಿ. ಅಲ್ಲಿನ ವೈಎಂಸಿಎ ಕಟ್ಟಡದಲ್ಲಿ ಹ್ಯಾಂಡ್‌ಬಾಲ್ ಕೋರ್ಟ್ ಇತ್ತು. ಆದರೆ ಹ್ಯಾಂಡ್‌ಬಾಲ್ ಎಂದರೆ ಗಟ್ಟಿ ರಬ್ಬರ್ ಚೆಂಡನ್ನು ಅಂಗೈಯಲ್ಲೇ ಗೋಡೆಗೆ ಬಾರಿಸುವ ಆಟ. ಗ್ಲೌಸ್ ಹಾಕಿದರೂ ಕೈ ಊದಿಕೊಳ್ಳುತ್ತದೆ. ಎಡಗೈಯಲ್ಲೂ ಅಷ್ಟೇ ಚೆನ್ನಾಗಿ ಹೊಡೆಯಲು ಬರಬೇಕು. ಮರದ ಬ್ಯಾಟಿನಲ್ಲಿ ಆಡುವ ಪ್ಯಾಡಲ್‌ಬಾಲ್ ಆಗಲೇ ಬಂದಿತ್ತು. 1930ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಅರ್ಲ್ ರಿಸ್ಕಿ ಅದನ್ನು ರೂಪಿಸಿದ್ದರು. ಆದರೆ ಮರದ ಹಲಗೆಯಿಂದ ಸೊಬೆಕ್ ಬಯಸಿದ ವೇಗವೂ ಬರುತ್ತಿರಲಿಲ್ಲ, ಹಿಡಿತವೂ ಸಿಗುತ್ತಿರಲಿಲ್ಲ.

1950ರ ಹೊತ್ತಿಗೆ ಅವರು ಹುಡುಕಿದ ಉಪಾಯ ತೀರಾ ಸರಳ. ಹಿಡಿ ಚಿಕ್ಕದಾಗಿರುವ ಪ್ಯಾಡಲ್‌ಗೆ ಟೆನಿಸ್ ರಾಕೆಟ್‌ನಂತೆ ತಂತಿ ಕಟ್ಟಿಸಿದರು. ಮಾದರಿಗೆಂದು 25 ರಾಕೆಟ್ ಮಾಡಿಸಿದರು. ಹಿಡಿ ಗಿಡ್ಡವಾದರೆ ಏನು ಲಾಭ ಎಂದು ಕೇಳಬಹುದು. ಉದ್ದನೆಯ ರಾಕೆಟ್‌ನಲ್ಲಿ ಚೆಂಡು ಕೈಯಿಂದ ಬಹಳ ದೂರದಲ್ಲಿರುತ್ತದೆ, ಅಂದಾಜು ಸಿಗಲು ತಿಂಗಳುಗಳೇ ಬೇಕು. ಗಿಡ್ಡ ರಾಕೆಟ್ ಬಹುತೇಕ ಅಂಗೈಯ ಮುಂದುವರಿಕೆ ಇದ್ದಂತೆ, ಕೈ ಹೋದಲ್ಲಿ ಅದೂ ಹೋಗುತ್ತದೆ. ತಂತಿ ಇರುವುದರಿಂದ ಹೆಚ್ಚು ಬಲ ಹಾಕದೇ ಚೆಂಡು ಚಿಮ್ಮುತ್ತದೆ. ಹೊಸಬರಿಗೆ ಬೇಕಾದದ್ದು ಇದೇ ಅಲ್ಲವೇ?

ನಿಯಮಗಳನ್ನು ಅವರು ಸೊನ್ನೆಯಿಂದ ಬರೆಯಲಿಲ್ಲ. ಸ್ಕ್ವಾಷ್, ಹ್ಯಾಂಡ್‌ಬಾಲ್, ಪ್ಯಾಡಲ್‌ಬಾಲ್‌ಗಳಿಂದ ತಮಗೆ ಬೇಕಾದ್ದನ್ನು ಆರಿಸಿಕೊಂಡರು. 40 ಅಡಿ ಉದ್ದ, 20 ಅಡಿ ಅಗಲ, 20 ಅಡಿ ಎತ್ತರದ ಹ್ಯಾಂಡ್‌ಬಾಲ್ ಕೋರ್ಟ್ ಹಾಗೆಯೇ ಉಳಿಯಿತು. ಸರ್ವ್ ಮಾಡುವವರು ಚೆಂಡನ್ನು ನೆಲಕ್ಕೆ ಒಮ್ಮೆ ಪುಟಿಸಿ ಮುಂದಿನ ಗೋಡೆಗೆ ಹೊಡೆಯಬೇಕು, ಅದು ಕೋರ್ಟ್‌ನ ನಡುಗೆರೆ ದಾಟಿ ಹಿಂದೆ ಬೀಳಬೇಕು. ಎದುರಾಳಿ ಅದು ಎರಡನೇ ಸಲ ಪುಟಿಯುವ ಮೊದಲು ವಾಪಸ್ ಹೊಡೆಯಬೇಕು. ಪಕ್ಕದ ಗೋಡೆ, ಹಿಂದಿನ ಗೋಡೆ, ಕೊನೆಗೆ ಚಾವಣಿಗೂ ಚೆಂಡು ತಗುಲಿಸಬಹುದು. ಸ್ಕ್ವಾಷ್‌ನಲ್ಲಿ ಮುಂದಿನ ಗೋಡೆಯ ಬುಡದಲ್ಲಿ ಸುಮಾರು 19 ಇಂಚಿನ ತಗಡಿನ ಪಟ್ಟಿ ಇರುತ್ತದೆ, ಅದಕ್ಕೆ ಬಡಿದರೆ ಪಾಯಿಂಟ್ ಹೋಯಿತು. ಇಲ್ಲಿ ಆ ಕಾಟವಿಲ್ಲ. ನೆಲಕ್ಕೆ ಅಂಟಿಕೊಂಡಂತೆ ಹೊಡೆದ ಚೆಂಡೇ ಇಲ್ಲಿನ ಬ್ರಹ್ಮಾಸ್ತ್ರ.

ಆಟಕ್ಕೆ ಅವರು ಇಟ್ಟ ಹೆಸರು ಪ್ಯಾಡಲ್ ರಾಕೆಟ್ಸ್. 1952ರ ಫೆಬ್ರವರಿಯಲ್ಲಿ ಅದಕ್ಕೊಂದು ರಾಷ್ಟ್ರೀಯ ಸಂಘ ಕಟ್ಟಿ, ನಿಯಮಗಳನ್ನು ಕಿರುಪುಸ್ತಕವಾಗಿ ಅಚ್ಚು ಹಾಕಿಸಿದರು. ಸೊಬೆಕ್ ಅವರ ನಿಜವಾದ ಜಾಣ್ಮೆ ರಾಕೆಟ್‌ಗಿಂತ ಇಲ್ಲೇ ಕಾಣುತ್ತದೆ ಎಂದು ನನಗನ್ನಿಸುತ್ತದೆ. ಹೊಸ ಆಟಕ್ಕೆ ಹೊಸ ಕೋರ್ಟ್ ಬೇಕೆಂದರೆ ಹಣ ಹಾಕುವವರು ಯಾರು? ಅಮೆರಿಕದ ವೈಎಂಸಿಎಗಳಲ್ಲಿ, ಯಹೂದಿ ಸಮುದಾಯ ಕೇಂದ್ರಗಳಲ್ಲಿ ಸುಮಾರು 40,000 ಹ್ಯಾಂಡ್‌ಬಾಲ್ ಕೋರ್ಟ್‌ಗಳು ಮೊದಲೇ ಇದ್ದವು. ರಾಕೆಟ್ ಮತ್ತು ಚೆಂಡು ಕೊಂಡರೆ ಸಾಕು, ಆಟ ಶುರು. ಸೊಬೆಕ್ ಎಡಬಿಡದೆ ಪ್ರಚಾರ ಮಾಡಿದರು, ಆಟ ಊರಿಂದ ಊರಿಗೆ ಹಬ್ಬಿತು. ಹ್ಯಾಂಡ್‌ಬಾಲ್‌ನ ಹಳಬರಿಗೆ ಮಾತ್ರ ಇದು ಹಿಡಿಸಲಿಲ್ಲ. ತಮ್ಮ ಕೋರ್ಟ್‌ಗೆ ರಾಕೆಟ್ ಹಿಡಿದವರು ನುಗ್ಗಿದ್ದು ಅವರಿಗೆ ಸಹಜವಾಗಿಯೇ ಕಿರಿಕಿರಿ.

ಕೈತಪ್ಪಿದ ಆಟ

ವಿಚಿತ್ರವೆಂದರೆ, ಆಟವನ್ನು ದೊಡ್ಡದಾಗಿ ಬೆಳೆಸಿದ್ದು ಹ್ಯಾಂಡ್‌ಬಾಲ್ ಪಾಳಯದವರೇ. ಅಮೆರಿಕದ ಹ್ಯಾಂಡ್‌ಬಾಲ್ ಸಂಘದ ಸ್ಥಾಪಕ ರಾಬರ್ಟ್ ಕೆಂಡ್ಲರ್ ಅವರ ಬೆಂಬಲದೊಂದಿಗೆ 1969ರಲ್ಲಿ ಅಂತಾರಾಷ್ಟ್ರೀಯ ರಾಕೆಟ್‌ಬಾಲ್ ಸಂಘ ಹುಟ್ಟಿತು. ರಾಕೆಟ್‌ಬಾಲ್ ಎಂಬ ಹೆಸರು ಕೊಟ್ಟದ್ದು ಬಾಬ್ ಮೆಕಿನರ್ನಿ ಎಂಬ ಟೆನಿಸ್ ಆಟಗಾರ. ರಾಷ್ಟ್ರೀಯ ಚಾಂಪಿಯನ್‌ಷಿಪ್ ಕೂಡ ಅದೇ ವರ್ಷ ಸೊಬೆಕ್ ಅವರ ಸಂಘದಿಂದ ಹೊಸ ಸಂಘಕ್ಕೆ ಹೋಯಿತು. ಎರಡು ದಶಕ ಸಾಕಿದ ಆಟಕ್ಕೆ ಬೇರೆಯವರು ನಾಮಕರಣ ಮಾಡಿದ್ದರು, ಬೇರೆಯವರೇ ಮನೆ ಕಟ್ಟಿದ್ದರು. 1973ರಲ್ಲಿ ಕೆಂಡ್ಲರ್ ಆಡಳಿತ ಮಂಡಳಿಯೊಂದಿಗೆ ಜಗಳವಾಡಿ ಹೊರನಡೆದು ಬೇರೆ ಸಂಘಟನೆಗಳನ್ನು ಕಟ್ಟಿದರು. ಕ್ರೀಡಾ ಸಂಘಗಳ ರಾಜಕೀಯ ನೋಡಿದ ನಮಗೆ ಇದೇನೂ ಹೊಸದಲ್ಲ. 1974ರಲ್ಲಿ ರಾಕೆಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಸೊಬೆಕ್ ಅವರ ಹೆಸರು ಸೇರಿತು.

70ರ ದಶಕ ಈ ಆಟದ ಸುಗ್ಗಿ. ಅದಕ್ಕೆಂದೇ ಕ್ಲಬ್‌ಗಳು ಎದ್ದವು. ಮುಂದೆ ಏರೋಬಿಕ್ಸ್, ಜಿಮ್‌ಗಳ ಅಲೆ ಬಂದಾಗ ಎಷ್ಟೋ ಕೋರ್ಟ್‌ಗಳು ವ್ಯಾಯಾಮದ ಕೋಣೆಗಳಾದವು. ಆದರೂ 1981ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಒಲಿಂಪಿಕ್ಸ್ ಬಾಗಿಲು ಮಾತ್ರ ಇನ್ನೂ ತೆರೆದಿಲ್ಲ.

ನಮ್ಮಲ್ಲಿ ಆಡಬೇಕೆಂದರೆ ಕೋರ್ಟ್ ಸಿಗುವುದೇ ಕಷ್ಟ. ಮುಂಬೈ, ಪುಣೆ, ಚೆನ್ನೈನ ಕ್ಲಬ್‌ಗಳಲ್ಲಿರುವುದು 32 ಅಡಿ ಉದ್ದ, 21 ಅಡಿ ಅಗಲದ ಸ್ಕ್ವಾಷ್ ಕೋರ್ಟ್. ಅದಕ್ಕೂ ದಾರಿಯಿದೆ. ಬ್ರಿಟನ್‌ನಲ್ಲಿ 1976ರಲ್ಲಿ ಇದೇ ಆಟವನ್ನು ಸ್ಕ್ವಾಷ್ ಕೋರ್ಟ್‌ಗೆ ಒಗ್ಗಿಸಿದರು, ಈಗ ಅದರ ಹೆಸರು ಸ್ಕ್ವಾಷ್ 57. ಚೆಂಡಿನ ವ್ಯಾಸ 57 ಮಿಲಿಮೀಟರ್ ಇರುವುದರಿಂದ ಆ ಹೆಸರು. ದೊಡ್ಡ ಚೆಂಡು, ಗಿಡ್ಡ ರಾಕೆಟ್, ಒಳ್ಳೆಯ ಪುಟಿತ. ಯಾವುದನ್ನೇ ಆಡಿ, ಮೊದಲು ಕೊಳ್ಳಬೇಕಾದ್ದು ಕಣ್ಣಿನ ರಕ್ಷಣೆಯ ಕನ್ನಡಕ. ಮುಚ್ಚಿದ ಕೋಣೆಯಲ್ಲಿ ಆ ಚೆಂಡು ಯಾವ ಗೋಡೆಯಿಂದ ತಿರುಗಿ ಬರುತ್ತದೋ ಹೇಳಲಾಗದು. ರಾಕೆಟ್‌ಬಾಲ್ ರಾಕೆಟ್‌ನ ಹಿಡಿಗೆ ದಾರವಿರುತ್ತದೆ, ಅದನ್ನು ಮಣಿಕಟ್ಟಿಗೆ ಸುತ್ತಿಕೊಳ್ಳುವುದು ಕಡ್ಡಾಯ.

1995ರಲ್ಲಿ ಅರ್ಜೆಂಟೀನಾದ ಮಾರ್ ಡೆಲ್ ಪ್ಲಾಟಾದಲ್ಲಿ ನಡೆದ ಪ್ಯಾನ್ ಅಮೆರಿಕನ್ ಕ್ರೀಡಾಕೂಟದಲ್ಲಿ ರಾಕೆಟ್‌ಬಾಲ್ ಮೊದಲ ಬಾರಿಗೆ ಪದಕದ ಆಟವಾಯಿತು. ಅದನ್ನು ಕಾಣುವಷ್ಟು ಕಾಲ ಸೊಬೆಕ್ ಬದುಕಿದ್ದರು. 1998ರ ಮಾರ್ಚ್ 27ರಂದು ಅವರು ಕೊನೆಯುಸಿರೆಳೆದರು. ಆಗ ಅವರಿಗೆ 79 ವರ್ಷ.